ಪೆಟ್ಟಿಗೆಯೊಳಗಿನ ಆಳು

ಕಳೆದ ಮಳೆಗಾಲದ ಒಂದು ಮಧ್ಯಾಹ್ನ, ನಾನು ಸೇವೆಯಲ್ಲಿರುವ ಬ್ಯಾಂಕಿನ ಮುಂಬಯಿ ಕಚೇರಿಗೆ, ಹುಟ್ಟಿ ಎರಡು ಮೂರು ವರ್ಷಗಳಷ್ಟೇ ಆಗಿದ್ದ ಒಂದು ಕಂಪನಿಯ ಇಬ್ಬರು ತರುಣರು ಬಂದಿದ್ದರು. ಖಾತೆ ತೆರೆಯಲು ಬರುವವರು ಒಪ್ಪಿಸುವ ಕಾಗದಪತ್ರಗಳನ್ನು ಮನುಷ್ಯರ ಕೈ ಸೋಕದಂತೆ ಪರಿಶೀಲಿಸಿ, ಹೆಸರು, ವಿಳಾಸ, ಭಾವಚಿತ್ರ, ಸಹಿ ಇವುಗಳನ್ನು ಒಂದಕ್ಕೊಂದು ತಾಳೆ ನೋಡಿ, ಕೆಲವೇ ನಿಮಿಷಗಳಲ್ಲಿ ತೀರ್ಪು ಕೊಡುವ ತಂತ್ರಾಂಶವೊಂದನ್ನು ನಿರ್ಮಿಸಿರುವುದಾಗಿ ಅವರು ತಿಳಿಸಿದರು. ಪರೀಕ್ಷೆಗೆಂದು, ಅರ್ಜಿದಾರರ ಒಪ್ಪಿಗೆ ಪಡೆದಿದ್ದ ಇಪ್ಪತ್ತು ಫೈಲುಗಳನ್ನು ಕೊಟ್ಟೆವು. ಹದಿನಾರು ಸರಸರನೆ ಮುಗಿದುವು. ಹದಿನೇಳನೆಯದು ನಿಂತಿತು. ಪರದೆಯ ಮೇಲೆ ಚಕ್ರವೊಂದು ತಿರುಗುತ್ತಲೇ ಇತ್ತು. ಇಬ್ಬರಲ್ಲಿ ಹಿರಿಯವನು ಮೆಲ್ಲಗೆ ಎದ್ದು ಹೊರಗಿನ ಪಡಸಾಲೆಗೆ ಹೋದನು. ನಾನು ನೀರು ಕುಡಿಯಲೆಂದು ಅದೇ ಕಡೆಗೆ ಹೋದಾಗ ಅವನು ಫೋನಿನಲ್ಲಿ ಆಡುತ್ತಿದ್ದ ಮಾತು ಕಿವಿಗೆ ಬಿತ್ತು: “ಆ ಹದಿನೇಳನೇ ಫೈಲು ಯಾರ ಕಡೆ ಐತ್ರೀ? ಲಗೂನ ನೋಡಿ ಬಿಡ್ರಿ, ಇಲ್ಲೆ ಎಲ್ಲಾರೂ ಕಾಯಾಕತ್ತಾರ.” ಎರಡು ನಿಮಿಷ ಕಳೆಯುವಷ್ಟರಲ್ಲಿ ಚಕ್ರ ನಿಂತು ತೀರ್ಪು ಬಂತು. ತೀರ್ಪು ಸರಿಯಾಗಿಯೇ ಇತ್ತು.

ಸಭೆ ಮುಗಿದ ಮೇಲೆ ಅವನನ್ನು ಕನ್ನಡದಲ್ಲಿ ಮಾತನಾಡಿಸಿದೆ. ಮೊದಲು ಬೆಚ್ಚಿದನು, ಆಮೇಲೆ “ನೀವು ನಮ್ಮ ಕಡೆಯವರೇನ್ರೀ ಸರ?” ಎಂದು ನಕ್ಕನು. ಹುಬ್ಬಳ್ಳಿಯಲ್ಲಿ ಬಾಡಿಗೆಗೆ ಹಿಡಿದ ಒಂದು ಮಹಡಿಯಲ್ಲಿ ಮೂವತ್ತು ನಲವತ್ತು ಮಂದಿ ಪದವೀಧರ ಹುಡುಗ ಹುಡುಗಿಯರು ಪಾಳಿಯ ಮೇಲೆ ಕುಳಿತು, ತಂತ್ರಾಂಶಕ್ಕೆ ತಿಳಿಯದೆ ಹೋದ ಫೈಲುಗಳನ್ನು ಕಣ್ಣಿನಿಂದ ನೋಡಿ ನಿರ್ಧರಿಸುತ್ತಾರಂತೆ. “ಸದ್ಯಕ್ಕ ಅಷ್ಟ ಸರ, ಮುಂದ ಎಲ್ಲಾ ಆಟೋಮ್ಯಾಟಿಕ್ ಆಗ್ತೈತಿ” ಎಂದು ಸೇರಿಸಿದನು. ಹುಡುಗ ಸುಳ್ಳುಗಾರನೆಂದು ನನಗೆ ತೋರಲಿಲ್ಲ, ಈಗಲೂ ತೋರುವುದಿಲ್ಲ. ಆದರೆ ನಮ್ಮ ಮುಂದಿಟ್ಟ ನಲವತ್ತು ಪುಟಗಳ ಪ್ರಸ್ತಾವದಲ್ಲಿ ಆ ಮಹಡಿಯ ಮಾತು ಒಂದು ಸಾಲಿನಲ್ಲಿಯೂ ಇರಲಿಲ್ಲ.

ಪ್ರಕೃತ ಲೇಖನವು ಆ ಮಹಡಿಯನ್ನು ಕುರಿತದ್ದು. ಯಂತ್ರಗಳನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಇಪ್ಪತ್ತು ವರ್ಷಗಳಿಂದ ನಾನು ಉಣ್ಣುತ್ತಿರುವ ಅನ್ನವೇ ಯಂತ್ರಗಳ ಒಡನಾಟದ್ದು. ನವೋದ್ಯಮಗಳ ಬಗ್ಗೆ ನಮ್ಮ ಮನೆಗಳಲ್ಲಿಯೂ ಸಂಘದ ಕಟ್ಟೆಯ ಮೇಲೂ ನಡೆಯುವ ಚರ್ಚೆಯಲ್ಲಿ ಎರಡೇ ಪಕ್ಷಗಳಿರುವಂತೆ ಕಾಣುತ್ತದೆ: ಯಂತ್ರ ಎಲ್ಲರ ಕೆಲಸವನ್ನೂ ನುಂಗಿಬಿಡುತ್ತದೆ ಎನ್ನುವವರು ಒಂದು ಕಡೆ, ಎಲ್ಲವೂ ಬರೀ ಬೊಗಳೆ ಎನ್ನುವವರು ಇನ್ನೊಂದು ಕಡೆ. ಲೆಕ್ಕ ಬರೆಯುವವನಿಗೆ ಈ ಎರಡೂ ಸಾಲದು. ಯಂತ್ರವು ಮಾಡಲಾರದೆ ಬಿಟ್ಟ ಕೆಲಸ ಎಲ್ಲಿಗೆ ಹೋಗುತ್ತದೆ, ಅದನ್ನು ಯಾರು ಮಾಡುತ್ತಾರೆ, ಅದರ ವೆಚ್ಚ ಯಾವ ಖಾತೆಗೆ ಬೀಳುತ್ತದೆ, ತಪ್ಪಾದಾಗ ಯಾರ ತಲೆಗೆ ಬರುತ್ತದೆ ಎಂಬುದು ಅವನ ಪ್ರಶ್ನೆ. ಈ ಪ್ರಶ್ನೆ ಹೊಸದೇನೂ ಅಲ್ಲ. ಅದರ ಚರಿತ್ರೆ ಸುಮಾರು ಇನ್ನೂರೈವತ್ತು ವರ್ಷ ಹಿಂದಕ್ಕೆ ಹೋಗುತ್ತದೆ.

1770ರಲ್ಲಿ ವಿಯೆನ್ನಾದ ರಾಣಿ ಮರಿಯಾ ತೆರೇಸಳ ಆಸ್ಥಾನದಲ್ಲಿ ವೋಲ್ಫ್‌ಗಾಂಗ್ ಫಾನ್ ಕೆಂಪೆಲೆನ್ ಎಂಬ ಅಧಿಕಾರಿಯು ಚದುರಂಗವಾಡುವ ಒಂದು ಬೊಂಬೆಯನ್ನು ಪ್ರದರ್ಶಿಸಿದನು. ಮುಂಡಾಸು ಸುತ್ತಿ ನಿಲುವಂಗಿ ತೊಟ್ಟಿದ್ದ ಆ ಬೊಂಬೆಗೆ ಜನ ‘ತುರ್ಕ’ ಎಂದೇ ಹೆಸರಿಟ್ಟರು. ಬೊಂಬೆಯ ಮುಂದೆ ಒಂದು ದೊಡ್ಡ ಮರದ ಪೆಟ್ಟಿಗೆ; ಅದರ ಮೇಲೆ ಚದುರಂಗದ ಹಾಸು. ಆಟಕ್ಕೆ ಮೊದಲು ಕೆಂಪೆಲೆನ್ನನು ಪೆಟ್ಟಿಗೆಯ ಬಾಗಿಲುಗಳನ್ನು ಒಂದೊಂದಾಗಿ ತೆರೆದು, ಒಳಗಿನ ಹಲ್ಲುಚಕ್ರಗಳ ಹಿಂದೆ ಮೇಣದ ಬತ್ತಿ ಹಿಡಿದು, ಅಲ್ಲಿ ಯಾರೂ ಇಲ್ಲವೆಂದು ತೋರಿಸುವನು. ಬಳಿಕ ಕೀಲಿ ಕೊಟ್ಟರೆ ಬೊಂಬೆಯು ಕೈ ನೀಡಿ ಕಾಯಿ ನಡೆಸುವುದು. 1783ರಲ್ಲಿ ಪ್ಯಾರಿಸಿನಲ್ಲಿ ಬೆಂಜಮಿನ್ ಫ್ರಾಂಕ್ಲಿನ್ನನೂ, 1809ರಲ್ಲಿ ನೆಪೋಲಿಯನ್ನನೂ ಅದರೊಡನೆ ಆಡಿದರು.

ಒಳಗೆ ಒಬ್ಬ ಮನುಷ್ಯನಿದ್ದನು. ಅವನು ಕುಳಿತಿದ್ದ ಮಣೆಯು ಹಳಿಯ ಮೇಲೆ ಜಾರುತ್ತಿತ್ತು. ಒಂದು ಬಾಗಿಲು ತೆರೆದಾಗ ಅವನು ಇನ್ನೊಂದು ಬದಿಗೆ ಸರಿಯುವನು. ಕಾಯಿಗಳ ಬುಡದಲ್ಲಿ ಅಯಸ್ಕಾಂತಗಳಿದ್ದುವು. ಮೇಲೆ ಕಾಯಿ ನಡೆದರೆ ಹಾಸಿನ ಅಡಿಯಲ್ಲಿ ದಾರಕ್ಕೆ ಕಟ್ಟಿದ ಲೋಹದ ಬಿಲ್ಲೆ ಅಲುಗಿ ಅವನಿಗೆ ತಿಳಿಯುವುದು. ಒಳಗೆ ಅವನಿಗೊಂದು ಚಿಕ್ಕ ಹಾಸು, ಒಂದು ಮೇಣದ ಬತ್ತಿ. ಆ ಬತ್ತಿಯ ವಾಸನೆ ಹೊರಗೆ ಗೊತ್ತಾಗದಿರಲೆಂದು ಪೆಟ್ಟಿಗೆಯ ಬಳಿ ಇನ್ನೂ ಕೆಲವು ಬತ್ತಿಗಳನ್ನು ಹಚ್ಚಿಡುತ್ತಿದ್ದರು. ಕೆಂಪೆಲೆನ್ನನ ಬಳಿಕ ಮೆಲ್ಜೆಲ್ ಎಂಬವನು ಬೊಂಬೆಯನ್ನು ಕೊಂಡು ಅಮೆರಿಕಕ್ಕೂ ಒಯ್ದನು. ಅಲ್ಲಿ 1836ರಲ್ಲಿ ಎಡ್ಗರ್ ಅಲನ್ ಪೋ ಒಂದು ಪ್ರಬಂಧ ಬರೆದು ಒಳಗೆ ಮನುಷ್ಯನಿರಲೇಬೇಕೆಂದು ವಾದಿಸಿದನು. ನಿಜವಾದ ಯಂತ್ರವಾಗಿದ್ದರೆ ಅದು ಯಾವಾಗಲೂ ಗೆಲ್ಲಬೇಕಿತ್ತು ಎಂಬುದು ಅವನು ಕೊಟ್ಟ ಒಂದು ಕಾರಣ. ಕಾರಣ ತಪ್ಪು, ನಿರ್ಣಯ ಸರಿ. ವಿಮರ್ಶೆಯಲ್ಲಿ ಇದು ಅಪರೂಪವೇನಲ್ಲ. ಅವನ ಇನ್ನೊಂದು ಕಾರಣವೇ ನನಗೆ ಹೆಚ್ಚು ಹಿಡಿಸಿದುದು: ಮೆಲ್ಜೆಲನ ತಂಡದಲ್ಲಿದ್ದ ಶ್ಲುಂಬರ್ಗರ್ ಎಂಬವನು ಪ್ರದರ್ಶನದ ವೇಳೆಯಲ್ಲಿ ಎಲ್ಲಿಯೂ ಕಾಣಿಸುತ್ತಿರಲಿಲ್ಲ, ಅವನು ಕಾಯಿಲೆ ಬಿದ್ದಾಗ ಪ್ರದರ್ಶನವೇ ನಿಂತಿತ್ತು. ಲೆಕ್ಕಪರಿಶೋಧಕನು ನೋಡುವ ರೀತಿ ಇದೇ. ಯಂತ್ರದ ಒಳಗನ್ನು ನೋಡುವ ಅಧಿಕಾರ ನಿಮಗಿಲ್ಲದಿದ್ದರೆ, ಹಾಜರಿ ಪುಸ್ತಕವನ್ನು ನೋಡಿರಿ. ತುರ್ಕನು 1854ರಲ್ಲಿ ಫಿಲಡೆಲ್ಫಿಯಾದ ಬೆಂಕಿಯಲ್ಲಿ ಸುಟ್ಟುಹೋದನು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಕೆಂಪೆಲೆನ್ನನು ಬರಿಯ ಗಾರುಡಿಗನಲ್ಲ. ಮನುಷ್ಯರ ಉಚ್ಚಾರವನ್ನು ಅನುಕರಿಸುವ ಮಾತಿನ ಯಂತ್ರವೊಂದನ್ನು ರಚಿಸಿ, ಅದನ್ನು ಕುರಿತು 1791ರಲ್ಲಿ ಗ್ರಂಥವನ್ನೂ ಬರೆದವನು. ಅದು ನಿಜವಾದ ಶಾಸ್ತ್ರೀಯ ಕೆಲಸ. ತುರ್ಕನ ಕೈಯ ಸಂಧಿಗಳು, ಜಾರುವ ಮಣೆ, ಅಯಸ್ಕಾಂತದ ಸೂಚಕಗಳು ಇವೆಲ್ಲವೂ ನಿಜವಾದ ಕುಶಲತೆಯೇ. ಮೋಸವಿದ್ದುದು ಒಂದೇ ಒಂದು ಮಣೆಯಷ್ಟು ಜಾಗದಲ್ಲಿ. ಇಂದಿನ ಕಂಪನಿಗಳನ್ನು ಕುರಿತು ಮಾತನಾಡುವಾಗಲೂ ಈ ಪ್ರಮಾಣವನ್ನು ಮರೆಯಬಾರದು. 2005ರಲ್ಲಿ ಅಮೆಜಾನ್ ಕಂಪನಿಯು, ಗಣಕಯಂತ್ರಕ್ಕೆ ಆಗದ ಚಿಲ್ಲರೆ ಕೆಲಸಗಳನ್ನು ಮನೆಯಲ್ಲಿ ಕುಳಿತ ಜನರಿಂದ ಬಿಡಿ ಕೂಲಿಗೆ ಮಾಡಿಸುವ ಒಂದು ಪೇಟೆಯನ್ನು ತೆರೆದು, ಅದಕ್ಕೆ ಇದೇ ‘ಮೆಕ್ಯಾನಿಕಲ್ ತುರ್ಕ್’ ಎಂಬ ಹೆಸರನ್ನು ಬಹಿರಂಗವಾಗಿ ಇಟ್ಟಿತು. ‘ಕೃತಕವಾದ ಕೃತಕ ಬುದ್ಧಿ’ ಎಂದು ತಾನೇ ವರ್ಣಿಸಿಕೊಂಡಿತು. ಕೂಲಿಯ ಪ್ರಶ್ನೆ ಬೇರೆ. ಪೆಟ್ಟಿಗೆಯೊಳಗೆ ಆಳಿದ್ದಾನೆಂದು ಹೇಳಿಯೇ ಮಾರುವುದರಲ್ಲಿ ಮೋಸವಿಲ್ಲ.

ಗಣಕಯಂತ್ರದ ಮೂಲಪುರುಷನೆನಿಸಿದ ಚಾರ್ಲ್ಸ್ ಬ್ಯಾಬೇಜನು 1820ರ ಸುಮಾರಿಗೆ ಲಂಡನ್ನಿನಲ್ಲಿ ಈ ತುರ್ಕನೊಡನೆ ಎರಡು ಬಾರಿ ಆಡಿ ಸೋತಿದ್ದನು. 1832ರಲ್ಲಿ ಪ್ರಕಟವಾದ, ಯಂತ್ರಗಳ ಅರ್ಥಶಾಸ್ತ್ರವನ್ನು ಕುರಿತ ಅವನ ಗ್ರಂಥದಲ್ಲಿ ನಮ್ಮ ವಿಷಯಕ್ಕೆ ಬೇಕಾದ ಒಂದು ಉದಾಹರಣೆಯಿದೆ. ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ ದ ಪ್ರೋನಿ ಎಂಬ ಇಂಜಿನಿಯರನು ಲಾಗರಿದಮ್ಮುಗಳ ಬೃಹತ್ ಕೋಷ್ಟಕಗಳನ್ನು ಸಿದ್ಧಪಡಿಸಲು ಕೆಲಸವನ್ನು ಮೂರು ದರ್ಜೆಗಳಾಗಿ ಹಂಚಿದ್ದನು: ಸೂತ್ರ ಹುಡುಕುವ ಕೆಲವೇ ಗಣಿತಜ್ಞರು, ಸೂತ್ರವನ್ನು ಅಂಕಿಗಳಿಗೆ ಇಳಿಸುವ ಕೆಲವರು, ಕೂಡುವುದು ಕಳೆಯುವುದು ಮಾತ್ರ ಬಲ್ಲ ಅರವತ್ತು ಎಂಬತ್ತು ಮಂದಿ. ಈ ಮೂರನೆಯ ದರ್ಜೆಯ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬಹುದೆಂಬುದು ಬ್ಯಾಬೇಜನ ಕಾಣ್ಕೆ. ಎಂದರೆ ಯಂತ್ರವು ಮನುಷ್ಯನ ಕೆಲಸದೊಳಕ್ಕೆ ನೇರವಾಗಿ ನುಗ್ಗುವುದಿಲ್ಲ. ಮೊದಲು ಯಾರಾದರೂ ಆ ಕೆಲಸವನ್ನು ಸೀಳಿ, ಯಂತ್ರಕ್ಕೆ ಜೀರ್ಣವಾಗುವ ತುಂಡನ್ನು ಬೇರ್ಪಡಿಸಿ ಇಡಬೇಕು. ಉಳಿದ ತುಂಡುಗಳು ಮನುಷ್ಯನ ತಟ್ಟೆಯಲ್ಲಿಯೇ ಇರುತ್ತವೆ.

ಇದನ್ನು ನಮ್ಮಲ್ಲಿ ಅತ್ಯಂತ ಯಶಸ್ವಿಯಾದ ಯಂತ್ರೀಕರಣದ ಮೂಲಕವೇ ತೋರಿಸಬಹುದು. ಚೆಕ್ಕಿನ ಕೆಳಗಿನ ಬಿಳಿಯ ಪಟ್ಟಿಯಲ್ಲಿ ವಿಚಿತ್ರ ಆಕಾರದ ಅಂಕಿಗಳಿರುವುದನ್ನು ವಾಚಕರೆಲ್ಲರೂ ಕಂಡಿರುವರು. 1984ರ ರಂಗರಾಜನ್ ಸಮಿತಿಯ ವರದಿಯ ಬಳಿಕ, ಆ ದಶಕದ ಉತ್ತರಾರ್ಧದಲ್ಲಿ ಮುಂಬಯಿಯೇ ಮೊದಲಾದ ಮಹಾನಗರಗಳಲ್ಲಿ ಚೆಕ್ಕುಗಳನ್ನು ಯಂತ್ರದಿಂದ ವಿಂಗಡಿಸುವ ಪದ್ಧತಿ ಬಂದಿತು. ಆ ಅಂಕಿಗಳು ಕಾಂತಗುಣವುಳ್ಳ ಶಾಯಿಯಲ್ಲಿ ಅಚ್ಚಾದವು. ಹತ್ತು ಅಂಕಿ, ನಾಲ್ಕು ಚಿಹ್ನೆ, ಒಟ್ಟು ಹದಿನಾಲ್ಕೇ ಆಕಾರಗಳು. ಒಂದರ ಕಾಂತೀಯ ಗುರುತು ಇನ್ನೊಂದರೊಡನೆ ಗೊಂದಲವಾಗದಂತೆ ರೂಪಿಸಿದುವು. ನಡುವಿನ ಒಂಬತ್ತು ಅಂಕಿಗಳಲ್ಲಿ ಮೊದಲ ಮೂರು ಊರನ್ನು, ನಂತರದ ಮೂರು ಬ್ಯಾಂಕನ್ನು, ಕೊನೆಯ ಮೂರು ಶಾಖೆಯನ್ನು ಸೂಚಿಸುತ್ತವೆ. ಮುಂಬಯಿಯ 400 ಎಂಬುದು ನಮ್ಮ ಪಿನ್‌ಕೋಡಿನ ಮೊದಲ ಮೂರು ಅಂಕಿಗಳೇ.

ಈಗ ವಿಚಾರಮಾಡಿರಿ: ಆ ಯಂತ್ರವು ಚೆಕ್ಕನ್ನು ಓದುತ್ತಿತ್ತೆ? ಇಲ್ಲ. ತನಗಾಗಿಯೇ ಬರೆದಿಟ್ಟುದನ್ನು ಮಾತ್ರ ಓದುತ್ತಿತ್ತು. ಚೆಕ್ಕು ಬರೆದವರ ಕೈಬರಹ, ಅಕ್ಷರದಲ್ಲಿ ಬರೆದ ಮೊತ್ತ, ತಾರೀಕು, ಸಹಿ ಇವು ಯಾವುವೂ ಅದಕ್ಕೆ ಕಾಣಿಸುತ್ತಿರಲಿಲ್ಲ. ಹಣದ ಮೊತ್ತವನ್ನೂ ಕಾಂತಶಾಯಿಯಲ್ಲಿ ಮೂಡಿಸಬೇಕಲ್ಲವೆ? ಅದನ್ನು ಪ್ರತಿಯೊಂದು ಚೆಕ್ಕನ್ನು ಕಣ್ಣಿನಿಂದ ಓದಿ ಎನ್‌ಕೋಡರ್ ಯಂತ್ರದಲ್ಲಿ ಒತ್ತುತ್ತಿದ್ದವರು ಗುಮಾಸ್ತರು. ನಾನು ಸೇವೆಗೆ ಸೇರಿದಾಗ ಆ ಯಂತ್ರದ ಮುಂದೆ ಕುಳಿತಿದ್ದ ಹಿರಿಯರೊಬ್ಬರು ಚೆಕ್ಕನ್ನು ನೋಡದವರಂತೆಯೇ ನೋಡಿ ಅಂಕಿಗಳನ್ನು ಒತ್ತುತ್ತಿದ್ದುದು ಇಂದಿಗೂ ನೆನಪಿದೆ. ಪಿನ್ನು ಚುಚ್ಚಿದ, ಮಡಿಸಿದ, ಎಣ್ಣೆ ಹತ್ತಿದ ಚೆಕ್ಕುಗಳು ಯಂತ್ರದ ‘ರಿಜೆಕ್ಟ್’ ಕಿಸೆಗೆ ಬೀಳುವುವು. ಅವುಗಳನ್ನು ಕೈಯಿಂದ ವಿಂಗಡಿಸಿ, ಸಂಖ್ಯೆಯನ್ನು ಬರೆದಿಡಬೇಕು. ಮುಂದೆ ಕಾಗದಕ್ಕೆ ಬದಲಾಗಿ ಚೆಕ್ಕಿನ ಚಿತ್ರವನ್ನೇ ಕಳುಹಿಸುವ ಪದ್ಧತಿ 2008ರಲ್ಲಿ ದೆಹಲಿಯಲ್ಲಿ, 2011ರಲ್ಲಿ ಚೆನ್ನೈಯಲ್ಲಿ, 2013ರಲ್ಲಿ ಮುಂಬಯಿಯಲ್ಲಿ ಆರಂಭವಾಯಿತು. 2025ರ ಅಕ್ಟೋಬರ್ 4ರಿಂದ ಚೆಕ್ಕುಗಳು ದಿನವಿಡೀ ನಿರಂತರವಾಗಿ ಹರಿಯತೊಡಗಿವೆ. ಎರಡು ದಿನದ ಕೆಲಸ ಗಂಟೆಗಳಿಗೆ ಇಳಿದಿದೆ. ಇದು ಸಾಮಾನ್ಯ ಸಾಧನೆಯಲ್ಲ. ಆದರೂ ಸಹಿಯ ಸಂಶಯ ಬಂದಾಗ ಪರದೆಯ ಮೇಲೆ ಎರಡು ಸಹಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು ನೋಡುವವನು ಒಬ್ಬ ಅಧಿಕಾರಿಯೇ. ಅವನಿಗೆ ಸಿಗುವ ಸಮಯ ಮಾತ್ರ ಕಡಿಮೆಯಾಗಿದೆ.

ಈ ಯಂತ್ರೀಕರಣ ಗೆದ್ದುದೇಕೆ? ಮೊದಲನೆಯದಾಗಿ, ಕಾಗದವನ್ನೇ ಯಂತ್ರಕ್ಕೆ ಹೊಂದುವಂತೆ ತಿದ್ದಿದರು. ಯಂತ್ರಕ್ಕೆ ಪ್ರಪಂಚವನ್ನು ಕಲಿಸುವ ಗೋಜಿಗೆ ಹೋಗಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಅದಕ್ಕಾಗದುದು ಎಷ್ಟು ಎಂಬುದನ್ನು ಪ್ರತಿದಿನ ಎಣಿಸಿ ಬರೆದಿಟ್ಟರು. ರಿಜೆಕ್ಟ್ ಕಿಸೆಗೆ ಹೆಸರಿತ್ತು, ಲೆಕ್ಕವಿತ್ತು, ಅದರ ಹೊಣೆ ಹೊತ್ತವನ ಸಹಿಯಿತ್ತು. ಬ್ಯಾಂಕಿನಲ್ಲಿ ಅಮಾನತು ಖಾತೆ, ಎಂದರೆ ಸಸ್ಪೆನ್ಸ್ ಖಾತೆ, ಎಂಬುದೊಂದಿದೆ. ಎಲ್ಲಿಗೆ ಸೇರಿಸಬೇಕೆಂದು ತಿಳಿಯದ ನಮೂದುಗಳನ್ನು ತಾತ್ಕಾಲಿಕವಾಗಿ ಅಲ್ಲಿ ಹಾಕುತ್ತೇವೆ. ಒಳ್ಳೆಯ ಇನ್‌ಸ್ಪೆಕ್ಟರನು ಶಾಖೆಗೆ ಬಂದೊಡನೆ ಲಾಭವನ್ನು ಕೇಳುವುದಿಲ್ಲ, ಅಮಾನತು ಖಾತೆಯ ಬಾಕಿಯನ್ನು ಕೇಳುತ್ತಾನೆ. ಅಲ್ಲಿ ಬಾಕಿಯಿದ್ದರೆ ಅವನಿಗೆ ಗಾಬರಿಯಿಲ್ಲ. ಏನೂ ಇಲ್ಲವೆಂದರೆ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾನೆ.

ಹುಬ್ಬಳ್ಳಿಯ ಆ ಮಹಡಿಯೇ ಆ ಕಂಪನಿಯ ಅಮಾನತು ಖಾತೆ. ಹಾಗಾದರೆ ಹದಿನೇಳನೆಯ ಫೈಲು ಅಲ್ಲಿಗೆ ಹೋದುದೇಕೆ? ವಿಚಾರಿಸಿದೆ. ಅರ್ಜಿದಾರರು ಕೋಟೆ ಭಾಗದ ಹೋಟೆಲೊಂದರಲ್ಲಿ ಬಹುಕಾಲ ದುಡಿದ ನಮ್ಮ ಕರಾವಳಿಯವರು. ಶಾಲೆಯ ಪ್ರಮಾಣಪತ್ರದಲ್ಲಿ ಅವರ ಹೆಸರಿನ ಮುಂದೆ ‘ಬಿ.’ ಎಂಬ ಅಕ್ಷರ. ಮುಂಬಯಿಯ ಪಡಿತರ ಚೀಟಿಯಲ್ಲಿ ಇಲ್ಲಿಯ ಪದ್ಧತಿಯಂತೆ ಸ್ವಂತ ಹೆಸರು, ತಂದೆಯ ಹೆಸರು, ಮನೆತನದ ಹೆಸರು, ಮರಾಠಿಯ ಕಾಗುಣಿತದಲ್ಲಿ. ಇನ್ನೊಂದು ದಾಖಲೆಯಲ್ಲಿ, ಇನಿಷಿಯಲ್ ಬಿಡಿಸಿ ಬರೆಯಿರಿ ಎಂಬ ಆಜ್ಞೆಗೆ ಮಣಿದು ಯಾರೋ ತುಂಬಿಕೊಟ್ಟಂತೆ, ಮೊದಲ ಹೆಸರಿನ ಚೌಕದಲ್ಲಿ ‘ಬೈಂದೂರು’. ಯಂತ್ರದ ದೃಷ್ಟಿಯಲ್ಲಿ ಇವರು ಮೂವರು ಮನುಷ್ಯರು. ಫೈಲನ್ನು ನೋಡಿದ ಹುಬ್ಬಳ್ಳಿಯ ಹುಡುಗಿ, ಬೈಂದೂರು ಎಂಬುದು ಆಳಿನ ಹೆಸರಲ್ಲ, ಊರಿನ ಹೆಸರು ಎಂದು ಕಂಡೊಡನೆ ಹೇಳಿದಳಂತೆ. ಇದು ಸೋಮಾರಿ ಕೆಲಸವಲ್ಲ, ಕುರುಡು ಕೆಲಸವೂ ಅಲ್ಲ. ಹೆಸರಿನ ಮುಂದೆ ಊರನ್ನು ಹೊತ್ತು ಊರು ಬಿಟ್ಟು ಬಂದ ನಮ್ಮಂಥವರ ಅರ್ಧ ಚರಿತ್ರೆಯೇ ಆ ಒಂದು ಅಕ್ಷರದಲ್ಲಿದೆ. ಅದನ್ನು ಬಲ್ಲವಳು ಅವಳು. ಪ್ರಸ್ತಾವದಲ್ಲಿ ಆ ತಿಳಿವಳಿಕೆಯ ಬೆಲೆಯನ್ನು ತಂತ್ರಾಂಶದ ಹೆಸರಿಗೆ ಬರೆಯಲಾಗಿತ್ತು.

ಮರೆಮಾಡುವುದೇಕೆ ಎಂಬ ಪ್ರಶ್ನೆಗೆ ಉತ್ತರ ನೀತಿಯಲ್ಲಿಲ್ಲ, ಲೆಕ್ಕದಲ್ಲಿದೆ. ತಂತ್ರಾಂಶವನ್ನು ಒಮ್ಮೆ ಬರೆದರೆ ಎರಡನೆಯ ಗಿರಾಕಿಗೆ ಮಾರಲು ಹೆಚ್ಚು ಖರ್ಚಿಲ್ಲ, ಸಾವಿರದೊಂದನೆಯವನಿಗೆ ಮಾರಲು ಇನ್ನೂ ಕಡಿಮೆ. ಆದುದರಿಂದ ಅಂಥ ಕಂಪನಿಯ ವಾರ್ಷಿಕ ಆದಾಯದ ಹಲವು ಪಟ್ಟು ಬೆಲೆ ಕಟ್ಟಿ ಬಂಡವಾಳಗಾರರು ಪಾಲು ಕೊಳ್ಳುವರು. ಗಿರಾಕಿ ಹೆಚ್ಚಿದಂತೆಲ್ಲ ಆಳನ್ನೂ ಹೆಚ್ಚಿಸಬೇಕಾದ ಕಂಪನಿಗೆ ಅಷ್ಟು ಬೆಲೆ ಬಾರದು. ಅದು ಗುಮಾಸ್ತಗಿರಿಯ ಗುತ್ತಿಗೆ. ಒಂದೇ ರೂಪಾಯಿಯ ಆದಾಯ, ಯಂತ್ರ ಗಳಿಸಿತೆಂದರೆ ಒಂದು ಬೆಲೆ, ಮನುಷ್ಯ ಗಳಿಸಿದನೆಂದರೆ ಇನ್ನೊಂದು. ಹೀಗಿರುವಾಗ ಹುಬ್ಬಳ್ಳಿಯ ಸಂಬಳವನ್ನು ಸೇವೆಯ ವೆಚ್ಚವೆಂದು ತೋರಿಸದೆ ಸಂಶೋಧನೆ ಮತ್ತು ಅಭಿವೃದ್ಧಿಯ ವೆಚ್ಚವೆಂದು ತೋರಿಸುವ ಆಸೆ ಯಾರಿಗೆ ಹುಟ್ಟದು?

ಈ ಆಸೆ ಎಲ್ಲಿಯವರೆಗೆ ಹೋಗಬಹುದೆಂಬುದಕ್ಕೆ ಇತ್ತೀಚಿನ ಪ್ರಕರಣಗಳಿವೆ. ಲಂಡನ್ನಿನಲ್ಲಿ ನೆಲೆಸಿದ್ದ ಬಿಲ್ಡರ್.ಎಐ ಎಂಬ ಕಂಪನಿಯು 2016ರಲ್ಲಿ ಬೇರೆ ಹೆಸರಿನಿಂದ ಆರಂಭವಾಗಿ, ಬೇಕಾದ ತಂತ್ರಾಂಶವನ್ನು ಕೃತಕ ಬುದ್ಧಿಯ ನೆರವಿನಿಂದ ಕಟ್ಟಿಕೊಡುವುದಾಗಿ ಸಾರಿತು. ಅಲ್ಲಿ ಹೆಚ್ಚಿನ ಕೆಲಸ ಭಾರತದ ಮುಂತಾದ ಕಡೆಯ ಇಂಜಿನಿಯರರದೆಂದು 2019ರಲ್ಲಿಯೇ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ವರದಿ ಮಾಡಿತ್ತು. ಆಮೇಲೂ ಹಣ ಬಂತು. ಒಟ್ಟು 44 ಕೋಟಿ ಡಾಲರಿಗೂ ಮಿಕ್ಕಿ. 2025ರ ಮೇ ತಿಂಗಳಲ್ಲಿ ಅದು ದಿವಾಳಿ ಪ್ರಕ್ರಿಯೆಗೆ ಇಳಿಯಿತು. ಏಳುನೂರು ಭಾರತೀಯರು ಯಂತ್ರದ ವೇಷ ಹಾಕಿದ್ದರೆಂದು ಆಗ ಎಲ್ಲೆಡೆ ಹರಡಿದ ಕಥೆ ಉತ್ಪ್ರೇಕ್ಷೆಯೆಂದು ಅಲ್ಲಿ ದುಡಿದವರೇ ಹೇಳಿದ್ದಾರೆ. ಕಂಪನಿಯನ್ನು ಕೆಡವಿದುದು ಆ ಕಥೆಯಲ್ಲ, ಪುಸ್ತಕ: 2024ರ ಆದಾಯ 22 ಕೋಟಿ ಡಾಲರೆಂದು ಅಂದಾಜಿಸಿದ್ದು, ಪರಿಶೀಲನೆಯಲ್ಲಿ ಅದರ ಸುಮಾರು ಕಾಲು ಭಾಗಕ್ಕೆ ಇಳಿಯಿತು. ಇನ್ನೊಂದು ಪ್ರಕರಣ ಅಮೆರಿಕದ ‘ನೇಟ್’ ಎಂಬ ಖರೀದಿ ಸಾಧನದ್ದು. ಅದರ ಸ್ಥಾಪಕನ ಮೇಲೆ 2025ರ ಏಪ್ರಿಲಿನಲ್ಲಿ ಅಲ್ಲಿಯ ಸರಕಾರ ಹೊರಿಸಿದ ಆರೋಪದ ಪ್ರಕಾರ, ತಾನಾಗಿಯೇ ನಡೆಯುತ್ತದೆಂದು ಹೇಳಿಕೊಂಡಿದ್ದ ಖರೀದಿಗಳನ್ನು ಫಿಲಿಪೀನ್ಸಿನ ಕೆಲಸಗಾರರು ಕೈಯಾರೆ ಮಾಡುತ್ತಿದ್ದರು. ಯಂತ್ರದ ಪಾಲು ವಸ್ತುತಃ ಸೊನ್ನೆ. ಆರೋಪ ಆರೋಪವೇ, ತೀರ್ಪಲ್ಲ.

ಅಮೆಜಾನಿನ ಅಂಗಡಿಗಳ ಸಂಗತಿ ಇಷ್ಟು ಸರಳವಲ್ಲ. ಗಿರಾಕಿಯು ಸಾಮಾನು ಎತ್ತಿಕೊಂಡು ಸುಮ್ಮನೆ ಹೊರನಡೆದರೆ ಲೆಕ್ಕ ತಾನೇ ಆಗುವ ಅಂಗಡಿಯನ್ನು ಆ ಕಂಪನಿ 2018ರಲ್ಲಿ ಸಿಯಾಟಲ್ ನಗರದಲ್ಲಿ ಸಾರ್ವಜನಿಕರಿಗೆ ತೆರೆಯಿತು. 2022ರಲ್ಲಿ ಸಾವಿರ ಮಾರಾಟಗಳಲ್ಲಿ ಏಳುನೂರನ್ನು ಮನುಷ್ಯರು ನೋಡಬೇಕಾಗಿತ್ತು, ಅದಕ್ಕಾಗಿ ಭಾರತದಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಇದ್ದರು ಎಂದು ಪತ್ರಿಕಾ ವರದಿ ಬಂತು. ಕಂಪನಿ ಇದನ್ನು ಒಪ್ಪಲಿಲ್ಲ. ಆ ಜನ ಮುಖ್ಯವಾಗಿ ಯಂತ್ರಕ್ಕೆ ಪಾಠ ಹೇಳುವವರು, ಅವರು ನೋಡಿ ದೃಢಪಡಿಸುವ ಖರೀದಿಗಳು ಅಲ್ಪಸಂಖ್ಯೆಯವು ಎಂದಿತು. 2024ರ ಏಪ್ರಿಲಿನಲ್ಲಿ ತನ್ನ ದೊಡ್ಡ ದಿನಸಿ ಅಂಗಡಿಗಳಿಂದ ಆ ವ್ಯವಸ್ಥೆಯನ್ನು ತೆಗೆಯುವುದಾಗಿ ತಿಳಿಸಿತು. ಎರಡು ಹೇಳಿಕೆಗಳ ನಡುವೆ ನಾನು ತೀರ್ಪು ಕೊಡಲಾರೆ. ತೀರ್ಪು ಕೊಡಲು ಬೇಕಾದ ಅಂಕಿಯನ್ನು ಯಾರೂ ಕ್ರಮವಾಗಿ ಪ್ರಕಟಿಸಲಿಲ್ಲ ಎಂಬುದಷ್ಟೇ ನನ್ನ ದೂರು.

ಮನುಷ್ಯನು ತಾತ್ಕಾಲಿಕ, ಅವನಿಂದ ಕಲಿತು ಯಂತ್ರ ಮುಂದೆ ತಾನೇ ಮಾಡುತ್ತದೆ ಎಂಬ ವಾದವನ್ನು ಹಗುರವಾಗಿ ತಳ್ಳಿಹಾಕಬಾರದು. ಅದು ನಿಜವಾದ ಉದಾಹರಣೆಯೂ ಇದೆ. ಅಮೆರಿಕದ ಅಂಚೆ ಇಲಾಖೆಯು 1990ರ ದಶಕದಲ್ಲಿ ಕೈಬರಹದ ವಿಳಾಸಗಳನ್ನು ಯಂತ್ರದಿಂದ ಓದಿಸತೊಡಗಿದಾಗ, ಯಂತ್ರ ಸೋತ ವಿಳಾಸಗಳ ಚಿತ್ರವನ್ನು ದೂರದ ಕೇಂದ್ರಗಳಿಗೆ ಕಳುಹಿಸಿ ಜನರಿಂದ ಓದಿಸುತ್ತಿತ್ತು. 1997ರಲ್ಲಿ ಅಂಥ ಕೇಂದ್ರಗಳು 55 ಇದ್ದುವು. ಯಂತ್ರದ ಓದು ಸುಧಾರಿಸಿದಂತೆ ಒಂದೊಂದಾಗಿ ಮುಚ್ಚಿ ಬೆರಳೆಣಿಕೆಗೆ ಇಳಿದುವು. ಆದರೆ ಅದು ಒಂದು ದಿನದ ಮಾತಲ್ಲ, ಹದಿನೈದು ವರ್ಷಗಳಿಗೂ ಹೆಚ್ಚಿನ ಕಾಲದ ಮಾತು. ಪ್ರತಿಯೊಂದು ಹಂತದಲ್ಲಿಯೂ ಎಷ್ಟು ಕೇಂದ್ರಗಳು ಉಳಿದಿವೆ ಎಂಬುದು ಎಲ್ಲರಿಗೂ ತಿಳಿದಿತ್ತು. ಅಲ್ಲದೆ ಉಳಿದ ವಿಳಾಸಗಳೆಲ್ಲ ಅತ್ಯಂತ ಕಠಿನವಾದುವು. 1983ರಲ್ಲಿ ಲಿಸಾನ್ ಬೇನ್‌ಬ್ರಿಜ್ ಎಂಬ ಮನಃಶಾಸ್ತ್ರ ವಿದುಷಿ ‘ಸ್ವಯಂಚಾಲನೆಯ ವ್ಯಂಗ್ಯಗಳು’ ಎಂಬ ಅರ್ಥದ ಲೇಖನದಲ್ಲಿ ಇದನ್ನೇ ವಿವರಿಸಿದ್ದರು: ಸುಲಭವಾದುದೆಲ್ಲ ಯಂತ್ರಕ್ಕೆ ಹೋಗಿ ಕಠಿನವಾದುದು ಮಾತ್ರ ಮನುಷ್ಯನಿಗೆ ಉಳಿಯುತ್ತದೆ. ಸುಲಭದ ಅಭ್ಯಾಸ ತಪ್ಪಿದವನಿಗೆ ಕಠಿನವೂ ಕೈಗೆ ಹತ್ತುವುದಿಲ್ಲ. ಲೆಡ್ಜರನ್ನು ಕೈಯಿಂದ ಕೂಡಿದವರು ನಮ್ಮಲ್ಲಿ ನಿವೃತ್ತರಾದ ಮೇಲೆ, ತಾಳೆ ತಪ್ಪಿದ ದಿನ ಎಲ್ಲಿ ಹುಡುಕಬೇಕೆಂಬ ಮೂಗು ಹೊಸಬರಿಗೆ ಇಲ್ಲ. ಇದು ಅವರ ದೋಷವಲ್ಲ.

ಇದುವರೆಗೆ ಹೇಳಿದುದು ಬಂಡವಾಳಗಾರನ ಹಣದ ಮಾತು. ಅವನು ತನ್ನ ಜಾಗ್ರತೆಯನ್ನು ತಾನೇ ನೋಡಿಕೊಳ್ಳಬಲ್ಲನು. ಪೆಟ್ಟಿಗೆಯೊಳಗಿನ ಆಳನ್ನು ಮರೆಮಾಡಿದಾಗ ಬೀದಿಯ ಮನುಷ್ಯನಿಗೆ ಏನಾಗುತ್ತದೆ ಎಂಬುದನ್ನು ಇಂಗ್ಲೆಂಡಿನ ಅಂಚೆ ಕಚೇರಿಯ ‘ಹೊರೈಜನ್’ ಪ್ರಕರಣ ತೋರಿಸುತ್ತದೆ. ಅದು ನವೋದ್ಯಮವಲ್ಲ, ಫುಜಿತ್ಸುವಿನಂಥ ದೊಡ್ಡ ಕಂಪನಿ ಒದಗಿಸಿದ ಲೆಕ್ಕದ ತಂತ್ರಾಂಶ. 1999ರಿಂದ ಅಲ್ಲಿಯ ಸಾವಿರಾರು ಚಿಕ್ಕ ಅಂಚೆ ಕಚೇರಿಗಳಲ್ಲಿ ಅಳವಟ್ಟಿತು. ಹಲವು ಕಚೇರಿಗಳ ಲೆಕ್ಕದಲ್ಲಿ ಕೊರತೆ ಕಾಣಿಸತೊಡಗಿತು. ಯಂತ್ರ ತಪ್ಪದು, ಆದುದರಿಂದ ಕದ್ದವನು ಅಂಚೆಯ ಏಜೆಂಟನೇ ಎಂದು ಇಲಾಖೆ ಸಾಧಿಸಿತು. ಗಣಕಯಂತ್ರದ ಸಾಕ್ಷ್ಯವನ್ನು ಮುಂದಿಡುವವರು ಅದು ಸರಿಯಾಗಿ ಕೆಲಸಮಾಡುತ್ತಿತ್ತೆಂದು ತೋರಿಸಬೇಕೆಂಬ ಹಳೆಯ ನಿಯಮವನ್ನು 1999ರ ಶಾಸನವೊಂದು ತೆಗೆದುಹಾಕಿದ್ದುದರಿಂದ, ಅಲ್ಲವೆಂದು ತೋರಿಸುವ ಭಾರ ಆಪಾದಿತನ ಮೇಲೆಯೇ ಬಿತ್ತು. 1999ರಿಂದ 2015ರ ಒಳಗೆ ಒಂಬೈನೂರಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾಯಿತು. ಕೆಲವರು ಜೈಲಿಗೆ ಹೋದರು, ಹಲವರು ಮನೆ ಮಾರಿ ಇಲ್ಲದ ಕೊರತೆಯನ್ನು ತುಂಬಿಕೊಟ್ಟರು. ಕನಿಷ್ಠ ಹದಿಮೂರು ಮಂದಿಯ ಆತ್ಮಹತ್ಯೆಗೆ ಈ ಪ್ರಕರಣದ ಸಂಬಂಧವಿರಬಹುದೆಂದು 2025ರ ಜುಲೈಯಲ್ಲಿ ಬಂದ ವಿಚಾರಣಾ ವರದಿ ದಾಖಲಿಸಿದೆ.

ನಿಜ ಸಂಗತಿ 2019ರ ಹೈಕೋರ್ಟಿನ ತೀರ್ಪಿನಿಂದ ಸ್ಥಾಪಿತವಾಯಿತು. ತಂತ್ರಾಂಶದಲ್ಲಿ ದೋಷಗಳಿದ್ದುವು. ಅಷ್ಟೇ ಅಲ್ಲ, ಕಂಪನಿಯ ಇಂಜಿನಿಯರರು ದೂರದಿಂದಲೇ ಆ ಕಚೇರಿಗಳ ಲೆಕ್ಕದೊಳಗೆ ಕೈಯಾಡಿಸಬಹುದಾಗಿತ್ತು. ಇದು ಸಾಧ್ಯವೇ ಇಲ್ಲವೆಂದು ಇಲಾಖೆ ವರ್ಷಗಟ್ಟಲೆ ಹೇಳಿತ್ತು. ಇಲ್ಲಿಯೂ ಪೆಟ್ಟಿಗೆಯೊಳಗೆ ಆಳಿದ್ದನು! ಅವನು ಕಾಣದಿದ್ದುದರಿಂದ ಕಾಣುತ್ತಿದ್ದ ಮನುಷ್ಯನನ್ನು, ಹಳ್ಳಿಯ ಅಂಚೆಯ ಕಿಟಕಿಯ ಹಿಂದೆ ಕುಳಿತಿದ್ದವನನ್ನು, ಹಿಡಿದರು. 2024ರ ಮೇ ತಿಂಗಳಲ್ಲಿ ಪಾರ್ಲಿಮೆಂಟು ವಿಶೇಷ ಶಾಸನದಿಂದ ಆ ಶಿಕ್ಷೆಗಳನ್ನು ರದ್ದುಗೊಳಿಸಿತು. ಆಗಲೇ ಕಾಲು ಶತಮಾನ ಕಳೆದಿತ್ತು.

ನಮ್ಮ ದೇಶದಲ್ಲಿ ಕಾನೂನು ಬೇರೆಯಾಗಿದೆ. ಬ್ಯಾಂಕರರ ಪುಸ್ತಕಗಳ ಸಾಕ್ಷ್ಯವನ್ನು ಕುರಿತ 1891ರ ಹಳೆಯ ಅಧಿನಿಯಮಕ್ಕೆ 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ ಮೂಲಕ 2ಎ ಎಂಬ ಕಲಮು ಸೇರಿತು. ಅದರಂತೆ, ಗಣಕಯಂತ್ರದಿಂದ ತೆಗೆದ ಖಾತೆಯ ಪ್ರತಿ ನ್ಯಾಯಾಲಯಕ್ಕೆ ಹೋಗಬೇಕಾದರೆ ಜೊತೆಯಲ್ಲಿ ಪ್ರಮಾಣಪತ್ರಗಳಿರಬೇಕು. ಇದು ಆ ನಮೂದಿನ ನಿಜವಾದ ಪ್ರತಿಯೆಂದು ಮುಖ್ಯ ಲೆಕ್ಕಿಗ ಅಥವಾ ಶಾಖೆಯ ಮ್ಯಾನೇಜರು ಬರೆದುಕೊಡಬೇಕು. ತಮ್ಮ ತಿಳಿವಳಿಕೆ ಮತ್ತು ನಂಬಿಕೆಯ ಮಟ್ಟಿಗೆ ಯಂತ್ರವು ಆ ಕಾಲದಲ್ಲಿ ಸರಿಯಾಗಿ ಕೆಲಸಮಾಡುತ್ತಿತ್ತೆಂದು ಅದರ ಉಸ್ತುವಾರಿಯಲ್ಲಿರುವವರು ಬರೆದುಕೊಡಬೇಕು. ನಾನು ಇಂಥ ಪತ್ರಗಳಿಗೆ ಸಹಿ ಹಾಕಿದ್ದೇನೆ. ಅಚ್ಚಾದ ನಮೂನೆ, ಖಾಲಿ ಜಾಗದಲ್ಲಿ ತಾರೀಕು, ಕೆಳಗೆ ಸಹಿ. ಅರ್ಧ ನಿಮಿಷದ ಕೆಲಸ. ಹೊರೈಜನ್ನಿನ ತೀರ್ಪನ್ನು ಓದಿದ ಮೇಲೆ ಆ ಅರ್ಧ ನಿಮಿಷ ಸ್ವಲ್ಪ ದೀರ್ಘವಾಗಿದೆ.

ಹೊಸ ಕಂಪನಿಯ ಪ್ರಸ್ತಾವದ ಮೇಲೆ ಟಿಪ್ಪಣಿ ಬರೆಯುವ ಸರದಿ ನನ್ನದಾಗಿತ್ತು. ತಿರಸ್ಕರಿಸಿರಿ ಎಂದು ಬರೆಯಲಿಲ್ಲ. ಹದಿನಾರು ಫೈಲುಗಳನ್ನು ಅದು ನಮ್ಮವರಿಗಿಂತ ಬೇಗನೆ, ತಪ್ಪಿಲ್ಲದೆ ಮುಗಿಸಿದುದು ಕಣ್ಣೆದುರಿನ ಸಂಗತಿ. ನೂರು ಫೈಲುಗಳಲ್ಲಿ ಎಷ್ಟು ಹುಬ್ಬಳ್ಳಿಗೆ ಹೋಗುತ್ತವೆ ಎಂಬ ಅಂಕಿಯನ್ನು ಪ್ರತಿ ತಿಂಗಳೂ ಕೊಡಬೇಕೆಂದೂ, ಮನುಷ್ಯರು ನೋಡಿ ನಿರ್ಧರಿಸಿದ ಫೈಲಿನ ಮೇಲೆ ಅವರ ಗುರುತಿನ ಸಂಖ್ಯೆ ಇರಬೇಕೆಂದೂ ಕೇಳಿದೆ. ನಾಳೆ ನ್ಯಾಯಾಲಯದಲ್ಲಿ ಯಾರಾದರೂ ಕೇಳಿದರೆ, ಯಂತ್ರವು ಸರಿಯಾಗಿ ಕೆಲಸಮಾಡುತ್ತಿತ್ತೆಂದು ನಾನು ಆ ಹುಡುಗಿಯ ಕೆಲಸಕ್ಕೆ ಪ್ರಮಾಣಪತ್ರ ಬರೆದುಕೊಡಲಾರೆನಷ್ಟೆ. ಗುರುತಿನ ಸಂಖ್ಯೆ ಸುಲಭ, ಆದರೆ ಮೊದಲನೆಯ ಅಂಕಿಯನ್ನು ತಾವು ಪ್ರತ್ಯೇಕವಾಗಿ ಇಟ್ಟಿಲ್ಲ ಎಂದು ಕಂಪನಿಯಿಂದ ಉತ್ತರ ಬಂತು.

ಉತ್ತರದೊಡನೆ ಅಂದಿನ ಇಪ್ಪತ್ತು ಫೈಲುಗಳ ವರದಿಯೂ ಇತ್ತು. ಹದಿನೇಳನೆಯದರ ಎದುರಿಗೆ, ‘ಪರಿಶೀಲಿಸಿದವರು’ ಎಂಬ ಕಾಲಮಿನಲ್ಲಿ, ‘ಸಿಸ್ಟಮ್’ ಎಂದು ಅಚ್ಚಾಗಿತ್ತು. ತಿದ್ದಿ ಕಳುಹಿಸುವಂತೆ ಬರೆದಿದ್ದೇನೆ. ತಿದ್ದಿದ ಪ್ರತಿ ಇನ್ನೂ ಬಂದಿಲ್ಲ. ಪ್ರಸ್ತಾವ ನನ್ನ ಮೇಜಿನ ಮೇಲೆಯೇ ಇದೆ.